ಪಾರ್ಶ್ವವಾಯುವಿನ ಕೈಗೆ ಇಇಜಿ ಟೊಪ್ಪಿ: ಎಷ್ಟು ಫಲ, ಯಾರಿಗೆ ಫಲ?

2025ರ ಜನವರಿಯಲ್ಲಿ ಐಐಟಿ ಕಾನ್ಪುರದಿಂದ ಒಂದು ಸುದ್ದಿ ಬಂತು. ಪಾರ್ಶ್ವವಾಯು ಹೊಡೆದು ಒಂದೆರಡು ವರ್ಷ ಕಳೆದಿದ್ದ, ಫಿಸಿಯೋಥೆರಪಿಯಲ್ಲಿ ಮುಂದಕ್ಕೆ ಹೋಗದೆ ನಿಂತುಬಿಟ್ಟಿದ್ದ ರೋಗಿಗಳ ಕೈಗೆ ಒಂದು ರೋಬಾಟ್ ಕವಚ ತೊಡಿಸಲಾಗಿತ್ತು. ಮಿದುಳಿನ ಸಂಕೇತ ಹಿಡಿದು ಬೆರಳು ಬಿಡಿಸುವ ಕವಚ ಅದು, ಪ್ರೊ. ಆಶಿಶ್ ದತ್ತಾ ಅವರು ಸುಮಾರು 15 ವರ್ಷ ದುಡಿದು ರೂಪಿಸಿದ್ದು. ಬ್ರಿಟನ್ನಿನ ಅಲ್ಸ್ಟರ್ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸಿದ ಆರಂಭಿಕ ಪರೀಕ್ಷೆಯಲ್ಲಿ ಭಾರತದ 4, ಬ್ರಿಟನ್ನಿನ 4, ಒಟ್ಟು 8 ಮಂದಿಯೂ ಚೇತರಿಸಿಕೊಂಡರು ಎಂದು ಪ್ರಕಟಣೆ ಹೇಳಿತು.

8ಕ್ಕೆ 8 ಎಂಬ ಅಂಕಿ ಕಿವಿಗೆ ಇಂಪು. ಆದರೆ 8 ಜನರ ಪರೀಕ್ಷೆಯಿಂದ ಗೊತ್ತಾಗುವುದು ಯಂತ್ರ ನಡೆಯುತ್ತದೆ, ರೋಗಿಗಳು ಅದಕ್ಕೆ ಒಗ್ಗಿಕೊಳ್ಳುತ್ತಾರೆ ಎಂಬಷ್ಟೇ. ಸುಧಾರಣೆ ಮಿದುಳಿನ ಸಂಕೇತ ಹಿಡಿದದ್ದರಿಂದ ಬಂತೋ, ರೋಬಾಟ್ ದಿನವೂ ಬಿಡದೆ ಬೆರಳು ಮಡಚಿ ಬಿಡಿಸಿದ್ದರಿಂದ ಬಂತೋ, ಥೆರಪಿಸ್ಟ್ ವಾರಗಟ್ಟಲೆ ಪಕ್ಕದಲ್ಲಿ ಕೂತು ದುಡಿಸಿದ್ದರಿಂದ ಬಂತೋ ಎಂದು ಅದರಿಂದ ಬಿಡಿಸಿ ಹೇಳಲಾಗದು. ಇವನ್ನು ಬೇರ್ಪಡಿಸಿ ನೋಡಿದ ಪರೀಕ್ಷೆಗಳು ಬೇರೆ ಕಡೆ ನಡೆದಿವೆ. ಅವುಗಳ ಫಲಿತಾಂಶ ಇಷ್ಟು ಸಿಹಿಯಾಗಿಲ್ಲ, ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ.

ಮೊದಲೇ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನ್ಯೂರಾಲಿಂಕ್‌ನಂಥ ಕಂಪನಿಗಳು ತಲೆಬುರುಡೆ ಕೊರೆದು ಚಿಪ್ ಕೂರಿಸಿ, ರೋಗಿ ಮನಸ್ಸಿನಲ್ಲೇ ಕಂಪ್ಯೂಟರಿನ ಕರ್ಸರ್ ಆಡಿಸುವಂತೆ ಮಾಡುತ್ತವೆ. ಅಲ್ಲಿ ಯಂತ್ರ ಕೈಗೆ ಬದಲಿ. ಯಂತ್ರ ನಿಂತರೆ ಕೆಲಸವೂ ನಿಂತಿತು. ಇಲ್ಲಿ ಮಾತಾಡುತ್ತಿರುವುದು ಆಪರೇಷನ್ ಬೇಡದ, ನೆತ್ತಿಯ ಮೇಲಿನ ಟೊಪ್ಪಿಯಿಂದ ಮಿದುಳಿನ ವಿದ್ಯುತ್ ಸಂಕೇತ, ಅಂದರೆ ಇಇಜಿ, ಹಿಡಿಯುವ ತರಬೇತಿಯ ಬಗ್ಗೆ. ಕೆಲವು ವಾರ ಬಳಸಿ ಟೊಪ್ಪಿ ತೆಗೆದಿಟ್ಟ ಮೇಲೂ ಕೈ ತಾನಾಗಿ ಆಡಬೇಕು. ಆಡದಿದ್ದರೆ ಚಿಕಿತ್ಸೆ ಸೋತಂತೆ.

ಕಡಿದುಹೋದ ಸುತ್ತು

ಬಲಗೈ ಆಡಿಸುವ ಆಜ್ಞೆ ಹೊರಡುವುದು ಮಿದುಳಿನ ಎಡಭಾಗದ ಚಲನಾ ಪ್ರದೇಶದಿಂದ. ಅಲ್ಲಿಂದ ಕಾರ್ಟಿಕೋಸ್ಪೈನಲ್ ಎಂಬ ನರಕಟ್ಟು ಕೆಳಗಿಳಿದು, ಮಿದುಳುಕಾಂಡದ ಬುಡದಲ್ಲಿ ಬಹುಪಾಲು ಎದುರು ಬದಿಗೆ ದಾಟಿ, ಬೆನ್ನುಹುರಿಯ ಮೂಲಕ ಸ್ನಾಯು ನಡೆಸುವ ನರಕೋಶಗಳನ್ನು ತಲುಪುತ್ತದೆ. ರಕ್ತ ಹೆಪ್ಪುಗಟ್ಟಿಯೋ ನಾಳ ಒಡೆದೋ ಈ ಹಾದಿಯ ಒಂದು ಭಾಗ ಸತ್ತಾಗ ಆಜ್ಞೆ ಹೊರಡುತ್ತದೆ, ತಲುಪುವುದಿಲ್ಲ. ಹಾಗೆಯೇ, ಕೈ ಆಡಿದಾಗ ಸ್ನಾಯು ಮತ್ತು ಕೀಲುಗಳಿಂದ ಮಿದುಳಿಗೆ ಮರಳಿ ಬರಬೇಕಾದ ಅರಿವೂ ಬರುವುದಿಲ್ಲ. ಆಜ್ಞೆ, ಚಲನೆ, ಅರಿವು, ಮತ್ತೆ ಆಜ್ಞೆ ಎಂಬ ಸುತ್ತು ಎರಡೂ ಕಡೆ ಕಡಿದುಹೋಗುತ್ತದೆ. ಎಷ್ಟು ಪ್ರಯತ್ನಿಸಿದರೂ ಏನೂ ಆಗದ ಕೈಯನ್ನು ಮಿದುಳು ಕ್ರಮೇಣ ಬಳಸುವುದೇ ಬಿಡುತ್ತದೆ.

ಬ್ರೈನ್-ಕಂಪ್ಯೂಟರ್ ಇಂಟರ್‌ಫೇಸ್, ಅಂದರೆ ಮಿದುಳಿನ ಸಂಕೇತ ಹಿಡಿದು ಯಂತ್ರ ನಡೆಸುವ ಏರ್ಪಾಡು, ಈ ಸುತ್ತಿಗೆ ಹೊರಗಿನಿಂದ ಒಂದು ತೇಪೆ ಹಾಕುತ್ತದೆ. ನಾವು ಸುಮ್ಮನಿದ್ದಾಗ ಚಲನಾ ಪ್ರದೇಶದ ಮೇಲೆ 8ರಿಂದ 13 ಹರ್ಟ್ಜ್‌ನ ಒಂದು ಲಯ ಇರುತ್ತದೆ. ಮ್ಯೂ ಲಯ ಎಂದು ಅದರ ಹೆಸರು. ಕೈ ಆಡಿಸಿದಾಗ, ಆಡಿಸಲು ಪ್ರಯತ್ನಿಸಿದಾಗ, ಆಡಿಸಿದಂತೆ ಗಾಢವಾಗಿ ಭಾವಿಸಿದಾಗ ಕೂಡ ಆ ಲಯ ಕುಗ್ಗುತ್ತದೆ. 13ರಿಂದ 30 ಹರ್ಟ್ಜ್‌ನ ಬೀಟಾ ಲಯವೂ ಹಾಗೆಯೇ. ಆಸ್ಟ್ರಿಯದ ಗ್ರಾಜ್‌ನಲ್ಲಿ ಗರ್ಟ್ ಫರ್ಟ್‌ಶೆಲ್ಲರ್ ಅವರ ತಂಡ ದಶಕಗಳ ಕಾಲ ಇದನ್ನೇ ಅಳೆಯಿತು. ಸ್ನಾಯು ಸತ್ತಂತಿದ್ದರೂ ಮಿದುಳಿನ ಈ ಕುಸಿತ ಉಳಿದಿದ್ದರೆ ಅದನ್ನು ಹಿಡಿದು, ಅದೇ ಕ್ಷಣ ಕೈಯನ್ನು ಆಡಿಸಬಹುದು.

"ಅದೇ ಕ್ಷಣ" ಎಂಬುದರ ಮೇಲೆಯೇ ಚಿಕಿತ್ಸೆಯ ಇಡೀ ಭಾರ ನಿಂತಿದೆ. ಮಣಿಕಟ್ಟಿನ ನರದಿಂದ ಹೊರಟ ಅರಿವಿನ ಸಂಕೇತ ಮಿದುಳಿನ ಹೊರಪದರ ಮುಟ್ಟಲು ಸುಮಾರು 20 ಮಿಲಿಸೆಕೆಂಡ್ ಸಾಕು. ಕಾಲಿನಿಂದಾದರೆ ಸುಮಾರು 40. ಡೆನ್ಮಾರ್ಕಿನ ಆಲ್‌ಬೋರ್ಗ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಕಾಲಿನ ನರಕ್ಕೆ ಕೊಟ್ಟ ಪ್ರಚೋದನೆ ಮಿದುಳಿನ ಚಲನಾ ಸಿದ್ಧತೆ ಶಿಖರ ಮುಟ್ಟಿದ ಹೊತ್ತಿಗೆ ತಲುಪಿದಾಗ ಆ ಸ್ನಾಯುವಿಗೆ ಹೋಗುವ ಹಾದಿ ಚುರುಕಾಯಿತು. ಪ್ರಚೋದನೆಯನ್ನು ಹೇಗೆಂದರೆ ಹಾಗೆ, ಹೊತ್ತುಗೊತ್ತಿಲ್ಲದೆ ಕೊಟ್ಟಾಗ ಆ ಫಲ ಸಿಗಲಿಲ್ಲ. ಒಟ್ಟಿಗೆ ಕೆಲಸ ಮಾಡಿದ ನರಕೋಶಗಳ ನಡುವಿನ ಕೊಂಡಿ ಬಲಗೊಳ್ಳುತ್ತದೆ ಎಂಬ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಅವರ ಹಳೆಯ ಸೂತ್ರ ಇಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ನಡೆಯುತ್ತದೆ. ಆದ್ದರಿಂದ ಕಣ್ಣು ಕುಕ್ಕುವ ರೋಬಾಟ್‌ಗಿಂತ ಸ್ನಾಯುವಿಗೆ ವಿದ್ಯುತ್ ಕೊಡುವ, ವಿಳಂಬವಿಲ್ಲದ ಸರಳ ಸ್ಟಿಮ್ಯುಲೇಟರ್ ಮೇಲು ಎನ್ನುವುದು ಈ ಲೇಖನದ ನಿಲುವು.

ಒಂದು ಸೆಷನ್ ಒಳಗೆ

ರೋಗಿ ಹಿಂದಿನ ದಿನ ತಲೆಗೆ ಶಾಂಪೂ ಹಾಕಿ ತೊಳೆದು ಬರಬೇಕು; ಎಣ್ಣೆ, ಕಂಡೀಷನರ್ ಕೂಡದು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಪಾರ್ಶ್ವವಾಯು ಆದವರ ನೆತ್ತಿಗೆ ದಿನಾ ಎಣ್ಣೆ ತಟ್ಟುವುದನ್ನು ಮನೆಯವರು ಚಿಕಿತ್ಸೆ ಎಂದೇ ಭಾವಿಸಿರುತ್ತಾರೆ, ಮತ್ತು ಎಣ್ಣೆಯ ಪದರ ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವೆ ಗೋಡೆಯಾಗುತ್ತದೆ. ಬಿಗಿ ಜಡೆ, ಹೇರ್‌ಪಿನ್ ತೆಗೆಸಿ, ಕೂದಲನ್ನು ಎರಡು ಭಾಗ ಮಾಡಿ ಕಿವಿಯ ಹಿಂದೆ ಸಡಿಲವಾಗಿ ಕಟ್ಟಿದರೆ ಟೊಪ್ಪಿ ಕೂರುತ್ತದೆ.

ಟೊಪ್ಪಿಯ ಜಾಗ ಅಂದಾಜಿನದಾಗಬಾರದು. ಮೂಗಿನ ಬುಡದಿಂದ ತಲೆಯ ಹಿಂಭಾಗದ ಉಬ್ಬಿನವರೆಗೆ, ಮತ್ತು ಒಂದು ಕಿವಿಯ ಮುಂದಿನಿಂದ ಇನ್ನೊಂದಕ್ಕೆ, ಟೇಪಿನಿಂದ ಅಳೆಯಬೇಕು. ಎರಡೂ ಅಳತೆಗಳ ನಡುಬಿಂದು ಸೇರುವಲ್ಲಿ ಸಿಝಡ್ ಎಂಬ ಎಲೆಕ್ಟ್ರೋಡ್. ಅಲ್ಲಿಂದ ಕಿವಿ-ಕಿವಿ ಅಳತೆಯ ಶೇ. 20ರಷ್ಟು ಎಡಕ್ಕೆ ಸಿ3, ಬಲಕ್ಕೆ ಸಿ4. ಅಳತೆ 35 ಸೆಂ.ಮೀ. ಇದ್ದರೆ 7 ಸೆಂ.ಮೀ. ದೂರ. ಬಲಗೈ ಬಿದ್ದವರಿಗೆ ಸಿ3 ಮತ್ತು ಅದರ ಸುತ್ತಲಿನ ನಾಲ್ಕೈದು ಎಲೆಕ್ಟ್ರೋಡ್ ಮುಖ್ಯ. ಒಟ್ಟು 16 ಸಾಕು. 64 ಹಾಕಿದರೆ ಜೆಲ್ ತುಂಬುವಷ್ಟರಲ್ಲಿ ರೋಗಿ ದಣಿದಿರುತ್ತಾರೆ. ಮೊಂಡು ಸೂಜಿಯ ಸಿರಿಂಜ್‌ನಿಂದ ಕೂದಲು ಸರಿಸಿ ಜೆಲ್ ಹಾಕಿ, ಪ್ರತಿಯೊಂದರ ತಡೆ 10 ಕಿಲೋಓಮ್‌ಗಿಂತ ಕೆಳಗಿಳಿಸಬೇಕು. ಜೆಲ್ ಜಾಸ್ತಿಯಾಗಿ ಅಕ್ಕಪಕ್ಕದ ಎರಡು ಎಲೆಕ್ಟ್ರೋಡುಗಳ ನಡುವೆ ಹರಿದು ಕೂಡಿಕೊಂಡರೆ ಎರಡೂ ಒಂದೇ ಸಂಕೇತ ತೋರಿಸುತ್ತವೆ. ತೆರೆಯ ಮೇಲೆ ಎರಡು ಗೆರೆ ತದ್ರೂಪ ಕಂಡರೆ ಒರೆಸಿ ಮತ್ತೆ ಹಾಕುವುದೇ ದಾರಿ.

ಇನ್ನು ಕೈ. ಸ್ನಾಯುವಿಗೆ ವಿದ್ಯುತ್ ಪ್ರಚೋದನೆ ಕೊಡುವ ಎಫ್‌ಇಎಸ್ ಬಳಸುವಲ್ಲಿ ಮುಂಗೈಯ ಹೊರಮೈಗೆ ಎರಡು ಅಂಟುಪ್ಯಾಡ್ ಹಾಕುತ್ತಾರೆ. ಒಂದು ಮೊಣಕೈಯಿಂದ ನಾಲ್ಕೈದು ಬೆರಳಗಲ ಕೆಳಗೆ, ಬೆರಳು ಬಿಡಿಸುವ ಸ್ನಾಯುವಿನ ಉಬ್ಬಿನ ಮೇಲೆ. ಇನ್ನೊಂದು ಮಣಿಕಟ್ಟಿಗೆ ಸ್ವಲ್ಪ ಮೇಲೆ. ಸೆಕೆಂಡಿಗೆ 30ರ ಆಸುಪಾಸಿನಲ್ಲಿ ಪಲ್ಸ್, ಪ್ರತಿಯೊಂದರ ಅಗಲ 250ರಿಂದ 300 ಮೈಕ್ರೋಸೆಕೆಂಡ್. ಕರೆಂಟನ್ನು 1 ಮಿಲಿಆಂಪಿಯರ್‌ನಂತೆ ಏರಿಸುತ್ತ, ನೋವಿಲ್ಲದೆ ಬೆರಳು ತೆರೆಯುವಲ್ಲಿ ನಿಲ್ಲಿಸಬೇಕು. ಬೆರಳು ಬಿಚ್ಚದೆ ಮಣಿಕಟ್ಟು ಮಾತ್ರ ಹೆಬ್ಬೆರಳಿನ ಕಡೆಗೆ ಓರೆಯಾಗಿ ಎದ್ದರೆ ಪ್ಯಾಡ್ ತಪ್ಪು ಸ್ನಾಯುವಿನ ಮೇಲಿದೆ ಎಂದರ್ಥ; 1 ಸೆಂ.ಮೀ. ಕಿರುಬೆರಳಿನ ಬದಿಗೆ ಸರಿಸಿ ನೋಡಬೇಕು.

ಒಂದು ಪ್ರಯತ್ನ ನಡೆಯುವುದು ಹೀಗೆ. ಮೊದಲ 2 ಸೆಕೆಂಡ್ ಸುಮ್ಮನಿರುವಿಕೆ. ಬೀಪ್ ಬಂದ ಕೂಡಲೇ ರೋಗಿ ಬಿದ್ದ ಕೈಯ ಬೆರಳು ಬಿಡಿಸಲು ನಿಜವಾಗಿ ಪ್ರಯತ್ನಿಸಬೇಕು, ಕಣ್ಣು ತನ್ನ ಕೈಯ ಮೇಲೆಯೇ ಇರಬೇಕು. ಸಾಫ್ಟ್‌ವೇರ್ ಹಿಂದಿನ 1 ಸೆಕೆಂಡಿನ ಸಂಕೇತವನ್ನು ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಹಾಕುತ್ತ, ಮ್ಯೂ ಮತ್ತು ಬೀಟಾ ಬಲ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿದರೆ ಸ್ಟಿಮ್ಯುಲೇಟರ್ ಹಚ್ಚುತ್ತದೆ. ಕೈ ತೆರೆಯುತ್ತದೆ. ಐದಾರು ಸೆಕೆಂಡಿನಲ್ಲಿ ಮಿತಿ ಮುಟ್ಟದಿದ್ದರೆ ಏನೂ ಆಗುವುದಿಲ್ಲ. ಪಕ್ಕದಲ್ಲಿದ್ದವರು ಕನಿಕರದಿಂದ ಕೈ ಎತ್ತಿಕೊಡಬಾರದು, ಆ ಕನಿಕರ ತರಬೇತಿಯನ್ನೇ ಕೆಡಿಸುತ್ತದೆ. 20 ಪ್ರಯತ್ನಕ್ಕೊಂದು ಬಿಡುವು, ಅಂಥ 4 ಸುತ್ತು. ಟೊಪ್ಪಿ ಕಟ್ಟಿ ಬಿಚ್ಚುವುದೂ ಸೇರಿ ಸುಮಾರು ಒಂದು ಗಂಟೆ.

ಎಲ್ಲಿ ಕೈಕೊಡುತ್ತದೆ

ನೆತ್ತಿಯ ಮೇಲೆ ಮಿದುಳಿನ ಸಂಕೇತ ಹತ್ತಾರು ಮೈಕ್ರೋವೋಲ್ಟ್ ಮಾತ್ರ. ಹಲ್ಲು ಕಚ್ಚಿದರೆ ದವಡೆ, ಹಣೆಯ ಸ್ನಾಯುಗಳು ಅದರ ಹಲವು ಪಟ್ಟು ಗದ್ದಲ ಎಬ್ಬಿಸುತ್ತವೆ. ಪಾರ್ಶ್ವವಾಯು ಆದವರು ಬಿದ್ದ ಕೈ ಎತ್ತಲು ಹೋದಾಗ ಸಹಜವಾಗಿ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಭುಜ ಮೇಲೆತ್ತುತ್ತಾರೆ. ಯಂತ್ರಕ್ಕೆ ಇದು ಬೇಕಾದ ಸುಳಿವೇ ಆಗಿಬಿಡಬಹುದು. ಭುಜ ಕುಣಿಸಿದಾಗಲೆಲ್ಲ ಕೈ ತೆರೆದರೆ ರೋಗಿ ಕಲಿಯುವುದು ಭುಜ ಕುಣಿಸುವುದನ್ನು. ಒಳ್ಳೆಯ ಕಡೆ ಭುಜ ಮತ್ತು ಮುಂಗೈಗೆ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಎಲೆಕ್ಟ್ರೋಡುಗಳ ಒಂದೊಂದು ಜೋಡಿ ಹಾಕಿ, ಭುಜದ ಚಟುವಟಿಕೆ ಕಂಡ ಪ್ರಯತ್ನಗಳನ್ನು ಲೆಕ್ಕದಿಂದ ತೆಗೆದುಹಾಕುತ್ತಾರೆ. ಇಎಂಜಿ ಇಲ್ಲದ ಯಂತ್ರದವರು "ಶೇ. 90 ನಿಖರತೆ" ಎಂದರೆ ಯಾವುದರ ನಿಖರತೆ ಎಂದು ಕೇಳಲೇಬೇಕು.

ನಿಖರತೆಯ ಅಂಕಿ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. "ಪ್ರಯತ್ನ" ಮತ್ತು "ವಿಶ್ರಾಂತಿ" ಎಂಬ ಎರಡನ್ನೇ ಗುರುತಿಸುವಲ್ಲಿ ಕುರುಡು ಊಹೆಗೇ ಶೇ. 50 ಸಿಗುತ್ತದೆ. 80 ಪ್ರಯತ್ನಗಳ ಸೆಷನ್‌ನಲ್ಲಿ ಶೇ. 59ರ ತನಕ ಬಂದರೂ ಅದು ಅದೃಷ್ಟದ ವ್ಯಾಪ್ತಿಯೊಳಗೇ. ಸಿಂಗಪುರದಲ್ಲಿ ಕೈ ಕೆಂಗ್ ಆಂಗ್ ಅವರ ತಂಡ 54 ಪಾರ್ಶ್ವವಾಯು ರೋಗಿಗಳನ್ನು ಪರೀಕ್ಷಿಸಿದಾಗ ಶೇ. 89ರಷ್ಟು ಜನ ಊಹೆಗಿಂತ ಮೇಲೆ ನಿಂತರು. ಅಂದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ದಾರಿಯೇ ಮುಚ್ಚಿತ್ತು.

ಮಿತಿಯನ್ನು ಎಲ್ಲಿ ಇಡಬೇಕೆಂಬುದು ಥೆರಪಿಸ್ಟಿನ ಕೈಚಳಕ. ತೀರ ಸಡಿಲವಾದರೆ ಸುಮ್ಮನೆ ಕೂತರೂ ಕೈ ತೆರೆಯುತ್ತದೆ, ತೀರ ಬಿಗಿಯಾದರೆ ಹತ್ತು ಸಲ ಸೋತ ರೋಗಿ ಮನಸ್ಸು ಕೀಳುತ್ತಾರೆ. ಹತ್ತರಲ್ಲಿ ಏಳು ಗೆಲ್ಲುವಂತೆ ಹೊಂದಿಸಿ, ವಾರ ವಾರ ಬಿಗಿ ಮಾಡುವುದು ರೂಢಿಯಾಗಿಸಿಕೊಳ್ಳಬಹುದಾದ ಲೆಕ್ಕ. ನಿನ್ನೆಯ ಮಿತಿ ಇವತ್ತಿಗೆ ಹೊಂದುವುದೆಂಬ ಖಾತ್ರಿಯೂ ಇಲ್ಲ: ನಿದ್ದೆಗೆಟ್ಟಿದ್ದರೆ, ಮೂರ್ಛೆರೋಗದ ಮಾತ್ರೆ ಬದಲಾಗಿದ್ದರೆ, ಟೊಪ್ಪಿ ಒಂದು ಬೆರಳು ಸರಿದಿದ್ದರೆ ಲಯ ಬೇರೆಯಾಗಿರುತ್ತದೆ.

ಕರೆಂಟಿನ ಕಾಟ ನಮ್ಮದೇ. 50 ಹರ್ಟ್ಜ್‌ನ ಗುಂಯ್‌ಗುಡುವಿಕೆಯನ್ನು ಫಿಲ್ಟರ್ ತೆಗೆಯುತ್ತದೆ ಎಂದು ನೆಚ್ಚಿ ಕೂರುವಂತಿಲ್ಲ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ, ಯುಪಿಎಸ್ ಪಕ್ಕದಲ್ಲಿ, ಹಳೆಯ ಚೋಕಿನ ಟ್ಯೂಬ್‌ಲೈಟ್ ಕೆಳಗೆ ಆಂಪ್ಲಿಫೈಯರ್ ತುಂಬಿಹೋಗಿ ಸಂಕೇತವೇ ಕಾಣುವುದಿಲ್ಲ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ, ಚಾರ್ಜರ್ ಕಿತ್ತಿಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ.

ಕೆಲವು ರೋಗಿಗಳ ವಿಷಯ ಬೇರೆ. ಊತ ಇಳಿಸಲು ಬುರುಡೆಯ ತುಂಡು ತೆಗೆದಿದ್ದರೆ ಆ ಜಾಗದಲ್ಲಿ ಸಂಕೇತ ಅಸಹಜವಾಗಿ ದೊಡ್ಡದಾಗಿ ಕಂಡು ಲೆಕ್ಕ ತಪ್ಪಿಸುತ್ತದೆ. ಹೇಳಿದ್ದು ಅರ್ಥವಾಗದ ಬಗೆಯ ವಾಕ್‌ದೋಷ ಇದ್ದವರಿಗೆ "ಸುಮ್ಮನಿರಿ", "ಪ್ರಯತ್ನಿಸಿ" ಎಂಬ ವ್ಯತ್ಯಾಸವನ್ನೇ ಮುಟ್ಟಿಸಲಾಗದು. ಪೇಸ್‌ಮೇಕರ್ ಇದ್ದವರಿಗೆ, ಮೂರ್ಛೆ ಹತೋಟಿಯಲ್ಲಿಲ್ಲದವರಿಗೆ ಎಫ್‌ಇಎಸ್ ಕೊಡುವುದಿಲ್ಲ. ಬೆರಳು ಮುಷ್ಟಿಗಟ್ಟಿ, ಕೈಯಿಂದ ಬಿಡಿಸಿದರೂ ಬಿಚ್ಚದಷ್ಟು ಬಿಗಿತ ಇದ್ದರೆ ಮೊದಲು ಬಿಗಿತದ ಚಿಕಿತ್ಸೆ.

ಅಂಕಿಗಳು ಹೇಳುವುದು

ಚಲನೆ ಎಷ್ಟು ಮರಳಿದೆ ಎಂದು ನೋಡುವ ಈ ಕ್ಷೇತ್ರದ ಅಳತೆಗೋಲು ಫ್ಯೂಗಲ್-ಮಾಯರ್. ಸ್ವೀಡನ್ನಿನಲ್ಲಿ 1975ರಲ್ಲಿ ಬಂದದ್ದು. ತೋಳಿನ ಭಾಗದಲ್ಲಿ 33 ಅಂಶ, ಒಂದೊಂದಕ್ಕೆ 0ಯಿಂದ 2 ಅಂಕ, ಒಟ್ಟು 66. ವರ್ಷ ಕಳೆದ ರೋಗಿಗಳಲ್ಲಿ 5 ಅಂಕದ ಸುಮಾರಿಗೆ ಏರಿದರೆ ರೋಗಿಗೂ ಮನೆಯವರಿಗೂ ಗೊತ್ತಾಗುವಂಥ ಬದಲಾವಣೆ ಎಂದು ಎಣಿಸುತ್ತಾರೆ.

ಜರ್ಮನಿಯ ಟ್ಯೂಬಿಂಗನ್‌ನಲ್ಲಿ 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 32 ಹಳೆಯ (ಪಾರ್ಶ್ವವಾಯು ಆಗಿ ತಿಂಗಳುಗಳು ಕಳೆದ) ರೋಗಿಗಳಿದ್ದರು. ಅರ್ಧ ಜನರಿಗೆ ಮಿದುಳಿನ ಸಂಕೇತ ಹಿಡಿದು ಕೈ ಆಡಿಸಿದರು. ಉಳಿದವರ ಕೈಗೂ ಅದೇ ಯಂತ್ರ, ಆದರೆ ಸಂಕೇತಕ್ಕೆ ಸಂಬಂಧವಿಲ್ಲದೆ ಆಡಿತು. ಮೊದಲ ಗುಂಪು 3.4 ಅಂಕ ಏರಿತು, ಎರಡನೆಯದು ಹಾಗೆ ಏರಲಿಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನ ತಂಡ 2018ರಲ್ಲಿ 27 ರೋಗಿಗಳ ಮೇಲೆ ಎಫ್‌ಇಎಸ್ ಬಳಸಿ, ಕೇವಲ 10 ಸೆಷನ್‌ನಲ್ಲಿ, ನಿಜವಾದ ಗುಂಪಿಗೆ 6.6, ನಕಲಿ ಗುಂಪಿಗೆ 2.1 ಅಂಕದ ಏರಿಕೆ ತೋರಿಸಿತು. 6 ತಿಂಗಳ ನಂತರವೂ ಅದು ಉಳಿದಿತ್ತು. ಎರಡು ಗುಂಪಿನ ಕೈಗಳಿಗೂ ಅದೇ ಪ್ರಚೋದನೆ ಸಿಕ್ಕಿತ್ತು, ಬೇರೆಯಾಗಿದ್ದದ್ದು ಸಮಯ ಮಾತ್ರ. ಈ ಎರಡು ಪರೀಕ್ಷೆಗಳು ಚಿಕ್ಕವಾದರೂ ಇಡೀ ಕ್ಷೇತ್ರದ ಬೆನ್ನೆಲುಬು ಇವೇ.

ದೊಡ್ಡದು ಬಂದದ್ದು ಚೀನಾದಿಂದ, 2024ರಲ್ಲಿ. 17 ಆಸ್ಪತ್ರೆ, 296 ರೋಗಿಗಳು, ಒಂದು ತಿಂಗಳ ಚಿಕಿತ್ಸೆ. ಮಿದುಳಿನ ಯಂತ್ರದ ಗುಂಪು 13.17 ಅಂಕ ಏರಿತು, ಮಾಮೂಲಿ ಚಿಕಿತ್ಸೆಯವರು 9.83. ವ್ಯತ್ಯಾಸ 3.35. ಜಾಹೀರಾತಿನಲ್ಲಿ ಕಾಣುವುದು 13 ಆಗಿರುತ್ತದೆ; ಯಂತ್ರಕ್ಕೆ ಸಲ್ಲಬೇಕಾದದ್ದು 3.35 ಮಾತ್ರ, ಮಿಕ್ಕಿದ್ದು ಆರಂಭದ ತಿಂಗಳುಗಳ ಸಹಜ ಚೇತರಿಕೆ ಮತ್ತು ಎಲ್ಲರಿಗೂ ಸಿಕ್ಕ ಫಿಸಿಯೋಥೆರಪಿ.

ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣ ನಿಯಂತ್ರಕ ಎಫ್‌ಡಿಎ 2021ರ ಏಪ್ರಿಲ್‌ನಲ್ಲಿ ಇಪ್ಸಿಹ್ಯಾಂಡ್ ಎಂಬ ಯಂತ್ರಕ್ಕೆ ಅನುಮತಿ ಕೊಟ್ಟಿತು. ಪಾರ್ಶ್ವವಾಯು ಆಗಿ 6 ತಿಂಗಳು ಕಳೆದವರಿಗೆ, ಮನೆಯಲ್ಲೇ ಬಳಸಬಹುದಾದದ್ದು. ವಿಶೇಷವೆಂದರೆ ಅದು ಏಟು ತಿಂದ ಬದಿಯನ್ನು ಬಿಟ್ಟು, ಮಿದುಳಿನ ಚೆನ್ನಾಗಿರುವ ಬದಿಯಿಂದ ಸಂಕೇತ ಹಿಡಿಯುತ್ತದೆ. ಗಾಯ ದೊಡ್ಡದಿದ್ದವರಿಗೆ ಇದೊಂದೇ ಬಾಗಿಲು ಇರಬಹುದು. ಅನುಮತಿಗೆ ಆಧಾರವಾದ 40 ರೋಗಿಗಳ, 12 ವಾರಗಳ ಅಧ್ಯಯನದಲ್ಲಿ ಎಲ್ಲರೂ ಸುಧಾರಿಸಿದರು. ಆದರೆ ಯಾರಿಗೆ ಏನು ಚಿಕಿತ್ಸೆ ಎಂಬುದು ಎಲ್ಲರಿಗೂ ಗೊತ್ತಿದ್ದ ಅಧ್ಯಯನ ಅದು. ಎಲ್ಲರೂ ಸುಧಾರಿಸಿದರು ಎಂಬ ಫಲಿತಾಂಶ ಕಾನ್ಪುರದ್ದನ್ನು ಹೋಲುತ್ತದೆ, ಅದರ ಮಿತಿಯೂ ಅಷ್ಟೇ.

ರೋಬಾಟ್ ಇದ್ದರೆ ಸಾಕು ಎನ್ನುವವರಿಗೆ ಬ್ರಿಟನ್ನಿನ ರಾಟುಲ್ಸ್ ಪರೀಕ್ಷೆ ತಣ್ಣೀರೆರಚಿದೆ. 2019ರ ಆ ಪರೀಕ್ಷೆಯಲ್ಲಿ 770 ರೋಗಿಗಳಲ್ಲಿ ರೋಬಾಟ್ ತರಬೇತಿ ಮಾಮೂಲಿ ಆರೈಕೆಗಿಂತ ತೋಳಿನ ಬಳಕೆಯನ್ನು ಹೆಚ್ಚು ಮಾಡಲಿಲ್ಲ. ಅದೇ ವರ್ಷ ಲಂಡನ್ನಿನ ಕ್ವೀನ್ ಸ್ಕ್ವೇರ್‌ನವರು ಯಾವ ಮಿದುಳು ಯಂತ್ರವೂ ಇಲ್ಲದೆ, 3 ವಾರದಲ್ಲಿ 90 ಗಂಟೆ ಕೈಗೆ ಕೆಲಸ ಕೊಟ್ಟು, ಹಳೆಯ ರೋಗಿಗಳಲ್ಲಿ 6 ತಿಂಗಳ ಹೊತ್ತಿಗೆ 9 ಅಂಕದ ಏರಿಕೆ ವರದಿ ಮಾಡಿದರು. ಅಲ್ಲಿ ಹೋಲಿಕೆಯ ಗುಂಪು ಇರಲಿಲ್ಲ, ನಿಜ. ಆದರೂ ವಾರಕ್ಕೆರಡು ದಿನ ಅರ್ಧ ಗಂಟೆ ಫಿಸಿಯೋಥೆರಪಿ ಸಿಗುವ ಊರಿನಲ್ಲಿ ಟೊಪ್ಪಿ ಕೊಳ್ಳುವ ಮೊದಲು ಈ 90 ಗಂಟೆಯ ಲೆಕ್ಕವನ್ನು ನೋಡಬೇಕು.

ಹಾಗಿದ್ದರೆ ಮನೆಯವರೇ ಮಾಡಿಸಿದರೆ? ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಟೆಂಡ್ ಪರೀಕ್ಷೆ ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿತು. 6 ತಿಂಗಳಲ್ಲಿ ಸಾವು ಅಥವಾ ಪರಾವಲಂಬನೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಯಂತ್ರವಾಗಲಿ ಪ್ರೀತಿಯಾಗಲಿ, ನುರಿತ ಥೆರಪಿಸ್ಟ್ ಕೊಡಿಸುವ ಅಭ್ಯಾಸದ ಪ್ರಮಾಣಕ್ಕೆ ಬದಲಿಯಾಗುವುದು ಕಷ್ಟ.

ಯಾರು ಕೇಳಬೇಕು, ಏನು ಕೇಳಬೇಕು

ಪಾರ್ಶ್ವವಾಯು ಆದ ಮೂರನೆಯ ದಿನವೇ ಒಂದು ಸರಳ ಪರೀಕ್ಷೆ ಇದೆ: ಭುಜವನ್ನು ಪಕ್ಕಕ್ಕೆ ಎತ್ತಬಲ್ಲರೇ, ಬೆರಳು ಬಿಡಿಸಬಲ್ಲರೇ. ಒಂದೊಂದಕ್ಕೆ 0ಯಿಂದ 5 ಅಂಕ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರೂಪುಗೊಂಡ ಕ್ರಮದಲ್ಲಿ ಕೂಡಿಸಿ 5 ಅಥವಾ ಹೆಚ್ಚು ಬಂದರೆ ಕೈ ಚೆನ್ನಾಗಿಯೇ ಮರಳುವ ಸಂಭವ ಹೆಚ್ಚು. ಅಂಥವರಿಗೆ ಟೊಪ್ಪಿ ಅನಗತ್ಯ ಖರ್ಚು. ತಿಂಗಳುಗಳ ನಂತರ ಮಣಿಕಟ್ಟನ್ನು 20 ಡಿಗ್ರಿ, ಬೆರಳನ್ನು 10 ಡಿಗ್ರಿ ಹಿಂದಕ್ಕೆತ್ತಬಲ್ಲವರಿಗೆ ಒಳ್ಳೆಯ ಕೈಯನ್ನು ಕಟ್ಟಿಹಾಕಿ ಬಿದ್ದ ಕೈಯನ್ನು ದುಡಿಸುವ ಕ್ರಮ ಇದೆ. 2006ರಲ್ಲಿ 222 ರೋಗಿಗಳ ಎಕ್ಸೈಟ್ ಪರೀಕ್ಷೆ ಅದರ ಫಲವನ್ನು ತೋರಿಸಿತು.

ಬೆರಳು ಆಡದಿದ್ದರೂ ಮುಂಗೈಯ ಸ್ನಾಯುವಿನಲ್ಲಿ ಒಂದಿಷ್ಟು ಮಿಡಿತ ಇಎಂಜಿಯಲ್ಲಿ ಕಂಡರೆ? ಆಗ ಆ ಮಿಡಿತವನ್ನೇ ಹಿಡಿದು ಎಫ್‌ಇಎಸ್ ಹಚ್ಚುವ ಸ್ಟಿಮ್ಯುಲೇಟರ್‌ಗಳಿವೆ. ಆಜ್ಞೆ ಮತ್ತು ಅರಿವನ್ನು ಕೂಡಿಸುವ ಸುತ್ತು ಅಲ್ಲೂ ಪೂರ್ಣವಾಗುತ್ತದೆ. ಟೊಪ್ಪಿ ಬೇಡ, ಜೆಲ್ ಬೇಡ, ಸಂಕೇತವೂ ಇಇಜಿಗಿಂತ ಎಷ್ಟೋ ಸ್ಪಷ್ಟ, ಬೆಲೆಯೂ ಕಡಿಮೆ. ಹೀಗೆ ಜರಡಿ ಹಿಡಿದ ಮೇಲೆ ಮಿದುಳಿನ ಯಂತ್ರಕ್ಕೆ ಉಳಿಯುವವರು ಸ್ನಾಯುವಿನಲ್ಲಿ ಮಿಡಿತವೇ ಇಲ್ಲದ, ಆದರೆ ಮಾತು ಅರ್ಥವಾಗುವ, ಮ್ಯೂ ಲಯದ ಕುಸಿತ ತೋರಿಸಬಲ್ಲ ರೋಗಿಗಳು. ಅವರಿಗೆ ಸದ್ಯ ಬೇರೆ ಉಪಾಯಗಳೇ ಕಡಿಮೆ, ಹಾಗಾಗಿ 4 ಅಂಕವೂ ಬೆಲೆಬಾಳುತ್ತದೆ. ಆದರೆ 12 ಅಂಕದಲ್ಲಿದ್ದವರು 16ಕ್ಕೆ ಬಂದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದಿಲ್ಲ. ತಟ್ಟೆ ಜಾರದಂತೆ ಒತ್ತಿಹಿಡಿಯಬಹುದು, ತೋಳು ಬಿಡಿಸಿ ಅಂಗಿಯ ಕೈಯೊಳಗೆ ತೂರಿಸಬಹುದು. ಇಷ್ಟನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರತೀಕ್ಷಾ ಟ್ರಸ್ಟ್ ನೆರವಿನಿಂದ ಪಾರ್ಶ್ವವಾಯು ರೋಗಿಗಳ ಕೈಚಲನೆಯನ್ನೇ ಗುರಿಯಾಗಿಟ್ಟ, ಮಿದುಳಿನ ಜೊತೆಗೂಡಿ ಕೆಲಸ ಮಾಡುವ ಯಂತ್ರದ (ಮಿದುಳು ಸಹಪ್ರೊಸೆಸರ್) ಯೋಜನೆ ನಡೆಯುತ್ತಿದೆ. ನಿಮ್ಹಾನ್ಸ್ ಜೊತೆ 2022ರಲ್ಲಿ ಶುರುವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಸರ್ಕಾರಿ ಆಸ್ಪತ್ರೆಯಲ್ಲೇ ಮಿದುಳಿನ ಕ್ಲಿನಿಕ್ ತೆರೆಯಿತು. ಲ್ಯಾಬಿನ ಯಂತ್ರ ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಬರುವುದಾದರೆ ಇಂಥ ಜಾಲದ ಮೂಲಕವೇ ಬರಬೇಕು. ಬರುವಾಗ ಅದರ ಜೊತೆ ನಕಲಿ ಗುಂಪಿರುವ ಒಂದು ಪರೀಕ್ಷೆಯೂ ಬರಲಿ.

ಅಲ್ಲಿಯವರೆಗೆ ಯಾರಾದರೂ ಖಾಸಗಿಯಾಗಿ ಈ ಚಿಕಿತ್ಸೆಗೆ ಹಣ ಕೇಳಿದರೆ ನಾಲ್ಕು ವಿಷಯ ಬಾಯಿಬಿಟ್ಟು ಕೇಳಬಹುದು. ಶುರುವಿಗೆ ಮೊದಲು ಫ್ಯೂಗಲ್-ಮಾಯರ್ ಅಂಕವನ್ನು ಯಂತ್ರ ನಡೆಸದ ಬೇರೊಬ್ಬರು ಬರೆದಿಡುತ್ತಾರೆಯೇ? ಭುಜಕ್ಕೆ ಇಎಂಜಿ ಹಾಕುತ್ತಾರೆಯೇ? ಮೊದಲ ಎರಡು ಮೂರು ಸೆಷನ್‌ನಲ್ಲಿ ನಿಖರತೆ ಊಹೆಯ ಮಟ್ಟ ದಾಟದಿದ್ದರೆ ನಿಲ್ಲಿಸಿ ಉಳಿದ ಹಣ ಮರಳಿಸುತ್ತಾರೆಯೇ? ಸೆಷನ್ ಮುಗಿದ ಮೇಲೆ, ಮಿದುಳು ಇನ್ನೂ ಬೆಚ್ಚಗಿರುವಾಗಲೇ, ಲೋಟ ಹಿಡಿಸಿ ಬಿಡಿಸುವಂಥ ನಿಜವಾದ ಕೆಲಸ ಅರ್ಧ ಗಂಟೆಯಾದರೂ ಮಾಡಿಸುತ್ತಾರೆಯೇ? ಕೊನೆಯ ಪ್ರಶ್ನೆಗೆ "ಇಲ್ಲ" ಎಂದರೆ ಮೊದಲ ಮೂರಕ್ಕೆ ಎಷ್ಟೇ ಒಳ್ಳೆಯ ಉತ್ತರ ಬಂದರೂ ಅಲ್ಲಿಂದ ಎದ್ದು ಬರಬಹುದು.